ಮನೆಯೊಳಗೆ ಮೂರಡಿ ಕಡಲು

ಅಕ್ವೇರಿಯಂ ಅಂಗಡಿಗಳಲ್ಲಿ ಮೊಲ್ಲಿ ಮೀನಿಗೆ ಗಪ್ಪಿ, ಪ್ಲಾಟಿಗಳ ಪಕ್ಕದ ತೊಟ್ಟಿಯಲ್ಲೇ ಜಾಗ. ಕಪ್ಪು, ಬಿಳಿ, ಕಿತ್ತಳೆ, ಚುಕ್ಕೆ ಹೀಗೆ ನಾಲ್ಕಾರು ಬಣ್ಣ. ಹೊಸದಾಗಿ ಮೀನು ಸಾಕಲು ಹೊರಟ ಮಕ್ಕಳ ಕೈಗೆ ಅಂಗಡಿಯವರು ಮೊದಲು ಕೊಡುವ ಮೀನುಗಳಲ್ಲಿ ಇದೂ ಒಂದು. ಆದರೆ ಮೊಲ್ಲಿಯ ತವರು ಬರೀ ಸಿಹಿನೀರಲ್ಲ. ಮೆಕ್ಸಿಕೊ ಕೊಲ್ಲಿಯ ಅಂಚಿನ ಜೌಗು ನೆಲದಲ್ಲಿ, ಹೊಳೆ ಕಡಲು ಸೇರುವ ಅಳಿವೆಗಳಲ್ಲಿ, ಕೆಲವೆಡೆ ಅಪ್ಪಟ ಸಮುದ್ರದ ನೀರಿನಲ್ಲೂ ಅದರ ಬಳಗ ಬದುಕುತ್ತದೆ. ತೊಟ್ಟಿಯ ನೀರಿಗೆ ಹನಿಹನಿಯಾಗಿ ಕಡಲ ನೀರು ಸೇರಿಸುತ್ತ ಹೋದರೆ, ಹವಳದ ದಿಬ್ಬದ ಮೀನುಗಳು ಬಾಳುವ ನೀರಿಗೇ ಮೊಲ್ಲಿ ಒಗ್ಗಿಕೊಳ್ಳಬಲ್ಲದು. ಹವಳದ ಮೀನನ್ನು ಅಷ್ಟೇ ನಿಧಾನವಾಗಿ ಸಿಹಿನೀರಿಗೆ ತಂದರೂ ಅದು ಬದುಕುವುದಿಲ್ಲ.

ಕಾರಣ ಮೈಯೊಳಗಿದೆ. ಕೆರೆಯದಾಗಲಿ ಕಡಲಿನದಾಗಲಿ, ಮೂಳೆಯುಳ್ಳ ಮೀನುಗಳ ರಕ್ತದಲ್ಲಿರುವ ಉಪ್ಪು ಕಡಲ ನೀರಿನ ಉಪ್ಪಿನ ಸುಮಾರು ಮೂರನೇ ಒಂದು ಪಾಲು. ಕೆರೆಯ ಮೀನಿಗೆ ಹೊರಗಿಗಿಂತ ಒಳಗೇ ಉಪ್ಪು ಹೆಚ್ಚು, ಹಾಗಾಗಿ ಕಿವಿರಿನ ಮೂಲಕ ನೀರು ತಾನಾಗಿಯೇ ಒಳಗೆ ಬರುತ್ತಿರುತ್ತದೆ. ಅದು ನೀರು ಕುಡಿಯುವುದೇ ಇಲ್ಲವೆನ್ನಬಹುದು. ಒಳಬಂದ ನೀರನ್ನು ತೆಳು ಮೂತ್ರವಾಗಿ ಹೊರಹಾಕುವುದೇ ಅದರ ದಿನವಿಡೀ ಕೆಲಸ. ಕಡಲ ಮೀನಿನ ಪಾಡು ಇದಕ್ಕೆ ತೀರ ಉಲ್ಟಾ. ಸುತ್ತ ನೀರೋ ನೀರು, ಆದರೆ ಮೈಯಿಂದ ನೀರು ಸೋರಿ ಹೋಗುತ್ತಲೇ ಇರುತ್ತದೆ. ಅದು ಉಪ್ಪುನೀರನ್ನೇ ಕುಡಿದು, ನೀರನ್ನು ಉಳಿಸಿಕೊಂಡು, ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರದೂಡಬೇಕು. ಮೊಲ್ಲಿ ಎರಡೂ ವಿದ್ಯೆ ಬಲ್ಲದು. ಹವಳದ ಮೀನಿಗೆ ಗೊತ್ತಿರುವುದು ಒಂದೇ, ಎರಡನೆಯದನ್ನು ಕಲಿಯುವ ಪ್ರಸಂಗವೇ ಅದಕ್ಕೆ ಬಂದಿಲ್ಲ.

ಸಿಹಿನೀರಿನ ಮೀನು ಸಾಕಿ ಪಳಗಿದವರು ಉಪ್ಪುನೀರಿಗೆ ಕೈಹಾಕುವಾಗ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ. ನಮ್ಮ ಹೊಳೆ, ಕೆರೆಗಳು ಮಳೆಗಾಲದಲ್ಲಿ ಕೆಂಪಾಗಿ ಉಕ್ಕುತ್ತವೆ, ಬೇಸಿಗೆಯಲ್ಲಿ ಬತ್ತಿ ಮಡುಗಳಾಗುತ್ತವೆ. ಅಲ್ಲಿನ ಮೀನು ತಲೆತಲಾಂತರದಿಂದ ಏರುಪೇರುಗಳ ನಡುವೆಯೇ ಬೆಳೆದದ್ದು. ತೆರೆದ ಕಡಲಿನ ನೀರು ಹಾಗಲ್ಲ. 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿದ ‘ಚಾಲೆಂಜರ್’ ಹಡಗು ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿದ. 1884ರಲ್ಲಿ ಪ್ರಕಟವಾದ ಅವನ ವರದಿ ಹೇಳಿದ್ದಿಷ್ಟು: ಒಟ್ಟು ಉಪ್ಪು ಅಲ್ಲಿಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಆದರೆ ಆ ಉಪ್ಪಿನಲ್ಲಿ ಯಾವುದು ಎಷ್ಟು ಎಂಬ ಪಾಲು ಎಲ್ಲ ಸಾಗರಗಳಲ್ಲೂ ಬಹುಮಟ್ಟಿಗೆ ಒಂದೇ. ಇಂಥ ನೀರಿನಿಂದ ಬಂದ ಜೀವಿಗೆ ಗಾಜಿನ ತೊಟ್ಟಿಯಲ್ಲಿ ಬೇಕಾದದ್ದು ಸ್ಥಿರತೆ. ಉಪಕರಣಗಳ ಪಟ್ಟಿ ಎಷ್ಟೇ ಉದ್ದವಿರಲಿ, ಅವೆಲ್ಲವೂ ಈ ಒಂದು ಕೆಲಸಕ್ಕಾಗಿಯೇ ಇರುವುದು.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದರಲ್ಲಿ ಕ್ಲೋರೈಡ್ 19 ಗ್ರಾಂಗೂ ಮಿಕ್ಕಿ, ಸೋಡಿಯಂ 10.8 ಗ್ರಾಂ. ಇವೆರಡೇ ಸೇರಿ ಶೇಕಡಾ 85ನ್ನು ದಾಟುತ್ತವೆ. ಹಾಗಾದರೆ ಅಡುಗೆ ಉಪ್ಪು ಹಾಕಿದರಾಯಿತಲ್ಲ ಎಂದು ಹೊಸಬರು ಕೇಳುತ್ತಾರೆ, ಕೇಳುವುದು ಸಹಜವೇ. ಆದರೆ ಮಿಕ್ಕ ಪಾಲಿನಲ್ಲಿ 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ, ಅಷ್ಟೇ ಪೊಟ್ಯಾಸಿಯಂ, 2.7 ಗ್ರಾಂ ಸಲ್ಫೇಟ್, ಜೊತೆಗೆ ನೀರಿನ ಕ್ಷಾರಗುಣವನ್ನು ಹಿಡಿದಿಡುವ ಬೈಕಾರ್ಬನೇಟ್ ಇವೆ. ಶಂಖದ ಹುಳು ಚಿಪ್ಪು ಕಟ್ಟುವುದು, ಸೀಗಡಿ ಪೊರೆ ಬಿಟ್ಟು ಹೊಸ ಕವಚ ಬೆಳೆಸುವುದು ಈ ಪಾಲಿನಿಂದಲೇ. ಅಕ್ವೇರಿಯಂಗೆಂದೇ ಮಾರುವ ಸಮುದ್ರ ಉಪ್ಪಿನ ಪುಡಿ ದುಬಾರಿ ಎನಿಸಿದರೂ ಅದರ ಜಾಗದಲ್ಲಿ ಬೇರೆಯದನ್ನು ಬಳಸಲು ಬರುವುದಿಲ್ಲ.

ಮಲ್ಪೆಯಲ್ಲೋ ಕಾರವಾರದಲ್ಲೋ ಮನೆಯಿರುವವರು ಕೊಡ ಹಿಡಿದು ದಡಕ್ಕೇ ಹೋಗಬಹುದಲ್ಲ? ಹೋಗಬಹುದು, ಆದರೆ ಎಲ್ಲ ಕಾಲದಲ್ಲೂ ಅಲ್ಲ, ಎಲ್ಲ ದಡದಲ್ಲೂ ಅಲ್ಲ. ಜೂನ್ ಹಿಡಿದು ಮಳೆ ನಿಲ್ಲುವವರೆಗೆ ನೇತ್ರಾವತಿ, ಶರಾವತಿ, ಕಾಳಿ ಹೊಳೆಗಳು ಘಟ್ಟದ ನೀರನ್ನೆಲ್ಲ ತಂದು ಕಡಲಿಗೆ ಸುರಿಯುತ್ತವೆ. ಆ ದಿನಗಳಲ್ಲಿ ದಡದ ನೀರಿನ ಉಪ್ಪು ತೀರ ಇಳಿದಿರುತ್ತದೆ, ಮಣ್ಣು ಕಲಸಿರುತ್ತದೆ. ಬಂದರಿನ ಬಳಿ ದೋಣಿಗಳ ಎಣ್ಣೆ, ಊರಿನ ಚರಂಡಿ ಬೇರೆ. ನೇತ್ರಾಣಿ ದ್ವೀಪದ ಸುತ್ತ ಹವಳ ಬೆಳೆದಿರುವುದಕ್ಕೆ ಅದು ಮುರ್ಡೇಶ್ವರದ ದಡದಿಂದ ದೂರ, ಹೊಳೆಗಳ ಕೆಸರು ಸುಲಭವಾಗಿ ತಲುಪದ ಕಡೆ ಇರುವುದೂ ಒಂದು ಕಾರಣ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರಿಗಂತೂ ಪುಡಿ ಕಲಸಿಕೊಳ್ಳುವುದೇ ದಾರಿ.

ಕಲಸುವುದಕ್ಕೂ ಕ್ರಮವಿದೆ. ನೀರು ಆರ್‌ಒ ಯಂತ್ರದಿಂದ ಬಂದದ್ದಾಗಿರಬೇಕು. ನಲ್ಲಿ ನೀರಿನ ಕ್ಲೋರಿನ್ನನ್ನು ಔಷಧ ಹಾಕಿ ಕಳೆಯಬಹುದು. ಆದರೆ ಅದರಲ್ಲಿರುವ ನೈಟ್ರೇಟ್, ಫಾಸ್ಫೇಟ್, ಬೋರ್‌ವೆಲ್ ನೀರಿನ ಗಡಸು ಹಾಗೆಯೇ ಉಳಿಯುತ್ತವೆ, ಮೊದಲೆರಡು ಮುಂದೆ ಪಾಚಿಗೆ ಗೊಬ್ಬರವಾಗುತ್ತವೆ. ದೊಡ್ಡ ಬಕೆಟ್ಟಿಗೆ ನೀರು ತುಂಬಿ, ಒಳಗೊಂದು ಚಿಕ್ಕ ಪಂಪು ಇಟ್ಟು ನೀರು ತಿರುಗುವಂತೆ ಮಾಡಿ, ಅದರ ಮೇಲೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ಉಪ್ಪು ಮೊದಲು ಹಾಕಿ ಮೇಲೆ ನೀರು ಸುರಿದರೆ ಗಾಢವಾದ ಆ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಸುಣ್ಣವಾಗಿ ತಳ ಸೇರುತ್ತದೆ, ಮತ್ತೆ ಕರಗುವುದಿಲ್ಲ. ಮೊದಮೊದಲು ಹಾಲಿನ ಹಾಗೆ ಬೆಳ್ಳಗಿದ್ದ ನೀರು ಕೆಲವು ಗಂಟೆಗಳಲ್ಲಿ ತಿಳಿಯಾಗುತ್ತದೆ. ಆಮೇಲೆ ಅಳತೆ. ರಿಫ್ರಾಕ್ಟೋಮೀಟರಿನ ಮುಚ್ಚಳ ಎತ್ತಿ, ಗಾಜಿನ ಮೇಲೆ ಎರಡು ಹನಿ ಬಿಟ್ಟು, ಗುಳ್ಳೆ ಉಳಿಯದಂತೆ ಮುಚ್ಚಿ, ಬೆಳಕಿನ ಕಡೆ ಹಿಡಿದು ಕಣ್ಣಿಟ್ಟು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ ಸಾವಿರಕ್ಕೆ 35ರ ಗುರುತಿನ ಮೇಲೆ ನಿಂತಿರಬೇಕು. ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ ಅದು 1.026ರ ಆಸುಪಾಸು.

ಇಷ್ಟು ಮಾಡಿದ ಮೇಲೆ ನಿಜವಾದ ಪಂದ್ಯ ಶುರುವಾಗುವುದು ತೊಟ್ಟಿಯ ಬಾಯಿಯಲ್ಲಿ. ತೊಟ್ಟಿಯ ನೀರು ಆವಿಯಾಗಿ ಇಳಿಯುತ್ತದೆ, ಇದು ಸಿಹಿನೀರು ಸಾಕಿದವರಿಗೆ ಹೊಸದಲ್ಲ. ವಾರಕ್ಕೊಮ್ಮೆ ನೀರು ಬದಲಿಸುವಾಗ ಅವರು ಅದನ್ನು ತುಂಬಿಸಿ ಸುಮ್ಮನಾಗುತ್ತಾರೆ. ಉಪ್ಪುನೀರಿನಲ್ಲಿ ಆವಿಯಾಗುವುದು ನೀರು ಮಾತ್ರ, ಉಪ್ಪು ಪೂರ್ತಿ ಒಳಗೇ ಉಳಿಯುತ್ತದೆ. 90 ಸೆಂಟಿಮೀಟರ್ ಉದ್ದ, 45 ಅಗಲ, 50 ಎತ್ತರದ ತೊಟ್ಟಿ, ಅಂದರೆ ಸುಮಾರು ಮೂರಡಿಯದು, 200 ಲೀಟರ್ ಹಿಡಿಯುತ್ತದೆ. ಅದರಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ನಾಲ್ಕು ಲೀಟರ್ ಹೋಯಿತೆಂದು ಲೆಕ್ಕ. ಬೇಸಿಗೆಯಲ್ಲಿ ಫ್ಯಾನು ಬೀಸುತ್ತಿದ್ದರೆ ದಿನಕ್ಕೆ ಅಷ್ಟು ಇಳಿಯುವುದು ದೊಡ್ಡದಲ್ಲ. ಐದು ದಿನ ಯಾರೂ ನೋಡದಿದ್ದರೆ 20 ಲೀಟರ್ ಹೋಗಿ, ಸಾವಿರಕ್ಕೆ 35 ಇದ್ದ ಉಪ್ಪು 39ರ ಹತ್ತಿರಕ್ಕೆ ಏರಿರುತ್ತದೆ. ಹೋದ ನೀರಿಗೆ ಬದಲು ಉಪ್ಪುನೀರನ್ನೇ ಸುರಿದರೆ ಉಪ್ಪಿನ ಮೇಲೆ ಉಪ್ಪು ಕೂಡುತ್ತದೆ. ಪ್ರತಿದಿನ ಆರ್‌ಒ ಸಿಹಿನೀರನ್ನೇ ತುಂಬಬೇಕು, ಗಾಜಿನ ಮೇಲೆ ಗೆರೆಯೊಂದನ್ನು ಎಳೆದುಕೊಂಡು ಆ ಗೆರೆಗೆ ಸರಿಯಾಗಿ. ಮಟ್ಟ ಇಳಿದಂತೆ ತಾನೇ ನೀರು ಬಿಡುವ ತೇಲುಗುಂಡಿನ ಸಾಧನ ಸಿಗುತ್ತದೆ. ಹೊಸಬರು ದುಬಾರಿ ದೀಪಕ್ಕೆ ಹಾಕುವ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ಮೀಸಲಿಟ್ಟರೆ ಅದು ಖಂಡಿತ ಸಾರ್ಥಕ.

ತೊಟ್ಟಿ ದೊಡ್ಡದಾದಷ್ಟೂ ಇಂಥ ಏರುಪೇರು ನಿಧಾನ. ಮೇಜಿನ ಮೇಲಿಡುವ 30 ಲೀಟರಿನ ಡಬ್ಬಿಯಿಂದ ಶುರುಮಾಡಿ ನೋಡೋಣ ಎನ್ನುವವರು ಕಷ್ಟದ ದಾರಿಯನ್ನೇ ಆರಿಸಿಕೊಂಡಂತೆ. ಮೂರಡಿಯದು ಜಾಗಕ್ಕೂ ಜೇಬಿಗೂ ಹೊಂದುವ ಅಳತೆ. ಅದಕ್ಕೆ ಮೊದಲ ಸಲ ಏಳು ಕಿಲೋಗೂ ಹೆಚ್ಚು ಉಪ್ಪು ಬೇಕು, ಆಮೇಲೆ ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಲು ಮುಕ್ಕಾಲು ಕಿಲೋ ಸಾಕು.

ಉಪ್ಪು ಹೆಚ್ಚಿದರೆ ನೀರಿನಲ್ಲಿ ಆಮ್ಲಜನಕ ಕರಗುವುದು ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8.2 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದರೆ ಕಡಲ ನೀರು ಹಿಡಿಯುವುದು 6.7ರಷ್ಟು ಮಾತ್ರ. ಇದನ್ನು ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ಅರಿತು ನಡೆದವಳು ಅನ್ನಾ ಥಿನ್ ಎಂಬ ಇಂಗ್ಲೆಂಡಿನ ಮಹಿಳೆ. 1846ರಲ್ಲಿ ಟಾರ್ಕೀ ಎಂಬ ಕಡಲೂರಿನಲ್ಲಿ ಬಂಡೆಗೆ ಅಂಟಿಕೊಂಡ ಕಲ್ಲುಹವಳಗಳನ್ನು ನೋಡಿ ಮನಸೋತು, ಅವನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ನೀರು ತುಂಬಿದ ಜಾಡಿಯಲ್ಲಿ ಲಂಡನ್ನಿಗೆ ತಂದಳು. ಗಂಡ ವೆಸ್ಟ್‌ಮಿನ್‌ಸ್ಟರ್ ಚರ್ಚಿನಲ್ಲಿ ಅಧಿಕಾರಿ, ಮನೆ ಅದರ ಪಕ್ಕದಲ್ಲೇ. ಕಡಲು ದೂರ, ನೀರು ಪದೇ ಪದೇ ತರಿಸುವಂತಿಲ್ಲ. ತೆರೆದ ಕಿಟಕಿಯ ಮುಂದೆ ನಿಂತು ಅದೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುವ ಕೆಲಸವನ್ನು ಮನೆಗೆಲಸದವಳಿಗೆ ಹಚ್ಚಿದಳು, ದಿನವೂ ಅರ್ಧ ಮುಕ್ಕಾಲು ಗಂಟೆ. ಮರುವರ್ಷ ಕಡಲ ಸಸ್ಯಗಳನ್ನೂ ತಂದು ಜೊತೆಗಿಟ್ಟಳು. ಹವಳಗಳು ಬದುಕಿದವು, ಮರಿಯನ್ನೂ ಹಾಕಿದವು. ಲಂಡನ್ ಮೃಗಾಲಯದಲ್ಲಿ ಜನರಿಗೆಂದು ಮೀನಿನ ಮನೆ ತೆರೆದದ್ದು ಅವಳು ಹವಳ ತಂದ ಏಳು ವರ್ಷಕ್ಕೆ, 1853ರಲ್ಲಿ. ಸಾಕುವವರ ಚರಿತ್ರೆಯಲ್ಲಿ ಆ ಮನೆಗೆಲಸದವಳ ಹೆಸರಿಗೂ ಜಾಗ ಸಿಗಬೇಕಿತ್ತು.

ಅವಳ ಕೈ ಮಾಡಿದ ಕೆಲಸವನ್ನು ಇವತ್ತು ಪಂಪು ಮಾಡುತ್ತದೆ. ಮೇಲ್ಮೈ ಸದಾ ಅಲುಗುತ್ತಿರುವಂತೆ ಅದರ ಬಾಯಿ ತಿರುಗಿಸಿಟ್ಟರೆ ಗಾಳಿ ತಾನಾಗಿ ಬೆರೆಯುತ್ತದೆ. ಜೊತೆಗೆ ಪ್ರೋಟೀನ್ ಸ್ಕಿಮ್ಮರ್ ಎಂಬ ಕೊಳವೆ. ಸಣ್ಣ ಸಣ್ಣ ಗಾಳಿಗುಳ್ಳೆಗಳು ಅದರೊಳಗೆ ಮೇಲೇರುವಾಗ ಮೀನಿನ ಹೇಲು, ಉಳಿದ ಆಹಾರಗಳಿಂದ ನೀರಿಗಿಳಿದ ಜಿಡ್ಡು ಗುಳ್ಳೆಗೆ ಅಂಟಿಕೊಂಡು, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ಮೇಲೆ ಕಟ್ಟುವ ಕೊಳೆನೊರೆಯ ಹಾಗೆ, ಮೇಲಿನ ಬಟ್ಟಲಿಗೆ ಉಕ್ಕಿ ಬೀಳುತ್ತದೆ. ಸಿಹಿನೀರಿನಲ್ಲಿ ಇಂಥ ಗಟ್ಟಿ ನೊರೆ ಏಳುವುದಿಲ್ಲ, ಅದಕ್ಕೇ ಅಲ್ಲಿ ಈ ಯಂತ್ರ ಕಾಣುವುದಿಲ್ಲ. ನಮ್ಮಲ್ಲಿ ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ ಇನ್ನೊಂದು ಮಾತು. ಟಿವಿ ಮತ್ತು ಫ್ಯಾನಿಗೆ ಕೊಟ್ಟ ಇನ್ವರ್ಟರ್ ಲೈನನ್ನು ಪಂಪಿಗೂ ಕೊಡಿಸಬೇಕು. ದೀಪವಿಲ್ಲದೆ ಒಂದು ದಿನ ಕಳೆದರೆ ಮೀನಿಗೆ ಏನೂ ಆಗದು, ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟುತ್ತದೆ. ತಾಪ 24ರಿಂದ 27 ಡಿಗ್ರಿಯೊಳಗೆ ನಿಲ್ಲಬೇಕು. ಬೆಂಗಳೂರಿನ ಡಿಸೆಂಬರಿಗೆ ಹೀಟರ್ ಬೇಕು, ಮಂಗಳೂರಿನ ಏಪ್ರಿಲ್‌ಗೆ ಫ್ಯಾನು.

ಸಿಹಿನೀರು ಸಾಕಿದವರಿಗೆ ಮೊದಲೇ ಗೊತ್ತಿರುವ ಪಾಠವೊಂದಿದೆ, ಅದೇ ಅವರ ದೊಡ್ಡ ಬಂಡವಾಳ. ಹೊಸ ತೊಟ್ಟಿಗೆ ಕೂಡಲೇ ಮೀನು ಬಿಡಬಾರದು. ಮೀನಿನ ಕಿವಿರಿನಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ಬಳಗ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕಡಲ ನೀರಿನಲ್ಲಿ ಕಾಯುವುದು ಇನ್ನೂ ಮುಖ್ಯ, ಏಕೆಂದರೆ ಅದರ ಪಿಎಚ್ 8.2ರ ಸುತ್ತ. ಅಮೋನಿಯಾದ ಒಂದು ಪಾಲು ಮಾತ್ರ ಕಿವಿರಿನೊಳಗೆ ನುಗ್ಗುವ ವಿಷರೂಪದಲ್ಲಿರುತ್ತದೆ. ಪಿಎಚ್ 7 ಇರುವ ಸಿಹಿನೀರಿಗೆ ಹೋಲಿಸಿದರೆ ಆ ಪಾಲು ಇಲ್ಲಿ ಹತ್ತು ಪಟ್ಟಾದರೂ ಹೆಚ್ಚು. ಪರೀಕ್ಷೆಯ ಕೊಳವೆಯಲ್ಲಿ ಕಾಣುವ ಅದೇ ತಿಳಿಹಸಿರು ಗಪ್ಪಿ ತೊಟ್ಟಿಯಲ್ಲಿ ಎಚ್ಚರಿಕೆಯ ಮಾತಾದರೆ ಇಲ್ಲಿ ಪ್ರಾಣಾಪಾಯ. ನೈಟ್ರೈಟ್ ವಿಷಯದಲ್ಲಿ ಮಾತ್ರ ಕಡಲು ಉದಾರಿ. ನೀರಿನ ಕ್ಲೋರೈಡ್ ಅದನ್ನು ಕಿವಿರಿನಲ್ಲಿ ತಡೆಯುತ್ತದೆ. ಸಿಹಿನೀರಿನ ತೊಟ್ಟಿಯಲ್ಲಿ ನೈಟ್ರೈಟ್ ಏರಿದಾಗ ಅನುಭವಸ್ಥರು ಚೂರು ಉಪ್ಪು ಹಾಕುವುದರ ಹಿಂದಿರುವುದೂ ಇದೇ.

ಬ್ಯಾಕ್ಟೀರಿಯಾಕ್ಕೆ ಮನೆ ಬೇಕು, ಆ ಮನೆಯೇ ಕಲ್ಲು. 1961ರಲ್ಲಿ ಲೀ ಚಿನ್ ಎಂಗ್ ಎಂಬ ಇಂಡೊನೇಷ್ಯಾದ ಹವ್ಯಾಸಿ ತನ್ನ ವಿಧಾನವನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ. ಫಿಲ್ಟರಿನ ಗೊಡವೆಯಿಲ್ಲ, ಕಡಲಿನಿಂದ ತಂದ ಜೀವಂತ ಕಲ್ಲು, ಕಡಲ ನೀರು, ಗಾಳಿಯ ಗುಳ್ಳೆ, ಇಷ್ಟೇ. ಸತ್ತ ಹವಳದ ತೂತುತೂತಾದ ಆ ಕಲ್ಲುಗಳೊಳಗೆ ನೀರು ಶುದ್ಧಮಾಡುವ ಜೀವಿಗಳು ಕಿಕ್ಕಿರಿದಿರುತ್ತವೆ. ಇವತ್ತಿನ ಮನೆ ತೊಟ್ಟಿಗಳಲ್ಲಿ ಬಹುಪಾಲು ಆ ಹಾದಿಯವೇ.

ಆದರೆ ನಮ್ಮ ಕಡಲಿನಿಂದ ಆ ಕಲ್ಲನ್ನು ತರುವಂತಿಲ್ಲ, ಇದನ್ನು ಒತ್ತಿ ಹೇಳಲೇಬೇಕು. ಕಲ್ಲುಹವಳ, ಕರಿಹವಳ, ಕಡಲಬೀಸಣಿಗೆ, ಕಡಲಕುದುರೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಲಾಯಿತು. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಅಂಗಡಿಯವರು ‘ಎಲ್ಲರೂ ಇಡ್ತಾರೆ ಸಾರ್, ಏನೂ ಆಗಲ್ಲ’ ಎಂದರೂ ಕಾನೂನು ಬದಲಾಗುವುದಿಲ್ಲ, ಕಿತ್ತ ಹವಳ ದಿಬ್ಬಕ್ಕೆ ಮರಳುವುದೂ ಇಲ್ಲ. ಸಿರಾಮಿಕ್ಕಿನಲ್ಲಿ, ಸಿಮೆಂಟಿನಲ್ಲಿ ತೂತು ಬಿಟ್ಟು ಮಾಡಿದ ಕಲ್ಲುಗಳು ಸಿಗುತ್ತವೆ. ಬ್ಯಾಕ್ಟೀರಿಯಾ ಅವುಗಳಲ್ಲೂ ಸಂಸಾರ ಹೂಡುತ್ತದೆ, ಒಂದಿಷ್ಟು ವಾರ ಹೆಚ್ಚು ಬೇಕಷ್ಟೆ. ಆ ನಡುವೆ ಮರಳು, ಗಾಜು, ಕಲ್ಲು ಎಲ್ಲದರ ಮೇಲೂ ಕಂದು ಧೂಳಿನಂಥ ಡಯಾಟಂ ಪಾಚಿ ಹರಡಿ ತೊಟ್ಟಿ ನೋಡಲು ಬೇಸರವಾಗುತ್ತದೆ. ಮದ್ದು ಸುರಿಯದೆ ಬಿಟ್ಟರೆ ಅದು ತಾನಾಗಿ ಕಡಿಮೆಯಾಗುತ್ತದೆ.

ಇನ್ನು ಮೀನು. ಹಿಂದೆ ತೊಟ್ಟಿ ಹದಕ್ಕೆ ಬರಲೆಂದು ಗಟ್ಟಿ ಜೀವದ ಡ್ಯಾಮ್ಸೆಲ್ ಮೀನುಗಳನ್ನು ಮೊದಲೇ ಬಿಡುತ್ತಿದ್ದರು. ಅಮೋನಿಯಾದಲ್ಲಿ ನರಳಿ ಉಳಿದುಕೊಂಡ ಡ್ಯಾಮ್ಸೆಲ್ ಆಮೇಲೆ ಬಂದ ಮೀನುಗಳನ್ನೆಲ್ಲ ಕಚ್ಚಿ ಓಡಿಸುತ್ತಿತ್ತು. ಮೀನಿಲ್ಲದೆಯೇ ಚಿಟಿಕೆ ಆಹಾರ ಅಥವಾ ಅಮೋನಿಯಂ ಕ್ಲೋರೈಡ್ ಹಾಕಿ ತೊಟ್ಟಿಯನ್ನು ಹದಕ್ಕೆ ತರಬಹುದಾದ್ದರಿಂದ ಆ ಪದ್ಧತಿಯನ್ನು ಕೈಬಿಡುವುದೇ ಸರಿ. ಸಿನಿಮಾದಿಂದ ಹೆಸರಾದ ನೀಲಿ ಟ್ಯಾಂಗ್ ಚಿಕ್ಕದಿದ್ದಾಗ ಅಂಗೈ ಅಗಲ, ಬೆಳೆದರೆ ಒಂದಡಿ. ಮೂರಡಿ ತೊಟ್ಟಿಯಲ್ಲಿ ಅದಕ್ಕೆ ಈಜಲು ಜಾಗವೇ ಇಲ್ಲ. ಇಂಡೊನೇಷ್ಯಾದ ಬಾಂಗ್ಗಾಯಿ ದ್ವೀಪಗಳಲ್ಲಷ್ಟೇ ಹುಟ್ಟುನೆಲೆಯಿರುವ ಬಾಂಗ್ಗಾಯಿ ಕಾರ್ಡಿನಲ್‌ನ ಕಥೆ ಇನ್ನೂ ನೋವಿನದು. ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸವಿದ್ದು ಮರಿ ಮಾಡುತ್ತದೆ. ಮರಿಗಳು ದೂರ ತೇಲಿ ಹೋಗುವುದಿಲ್ಲ, ಹಾಗಾಗಿ ಹಿಡಿದು ಬರಿದು ಮಾಡಿದ ಜಾಗ ಮತ್ತೆ ತುಂಬುವುದು ಕಷ್ಟ. ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದೂ ಹಿಡಿದೂ 2007ರಲ್ಲಿ ಅದು ಅಪಾಯದಂಚಿನ ಜೀವಿಗಳ ಕೆಂಪು ಪಟ್ಟಿ ಸೇರಿತು. ಸಾಕಣೆ ಕೇಂದ್ರಗಳಲ್ಲಿ ಅದೇ ಮೀನು ಸಲೀಸಾಗಿ ಮರಿ ಹಾಕುತ್ತದೆ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಸಯನೈಡ್ ಚಿಮುಕಿಸಿ ಮೀನಿಗೆ ಮಂಪರು ಬರಿಸಿ ಹಿಡಿಯುವ ಚಾಳಿ ಬೆಳೆಯಿತು. ಅದರಿಂದ ಸುತ್ತಲಿನ ಹವಳವೂ ಸಾಯುತ್ತದೆ. ಮೀನು ಕೊಳ್ಳುವಾಗ ಬೆಲೆ ವಿಚಾರಿಸುವ ಮೊದಲು ‘ಇದು ಸಾಕಣೆಯದೋ, ಕಡಲಿನದೋ’ ಎಂದು ಕೇಳಬೇಕಾದದ್ದು ಇದಕ್ಕೇ.

ಮೊದಲ ತೊಟ್ಟಿಗೆ ಸಾಕಣೆಯಲ್ಲಿ ಹುಟ್ಟಿದ ಒಂದು ಜೊತೆ ಕ್ಲೌನ್ ಮೀನು ಸಾಕು. 1947ರಲ್ಲಿ ಶುರುವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂ, ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನ ರೂಢಿಸಿ, ಬೇರೆಯವರಿಗೂ ಅದರಲ್ಲಿ ತರಬೇತಿ ಕೊಟ್ಟಿದೆ. ಸಾಕಣೆಯ ಮರಿ ಒಣ ಆಹಾರಕ್ಕೆ ಒಗ್ಗಿರುತ್ತದೆ, ಗಾಜಿಗೂ ಮನುಷ್ಯರಿಗೂ ಹೆದರುವುದಿಲ್ಲ. ಅದಕ್ಕೆ ಕಡಲ ಹೂವಿನ (ಸೀ ಅನಿಮೋನ್) ಆಸರೆ ಬೇಕೇ ಬೇಕೆಂಬುದು ತಪ್ಪು ತಿಳಿವಳಿಕೆ. ಕಡಲಿನಲ್ಲಿ ಅದು ಶತ್ರುಗಳಿಂದ ಪಾರಾಗಲು ಅಲ್ಲಿ ಸೇರುತ್ತದೆ, ತೊಟ್ಟಿಯಲ್ಲಿ ಕಲ್ಲಿನ ಸಂದಿಯೋ ಪಂಪಿನ ಮೂಲೆಯೋ ಸಾಕಾಗುತ್ತದೆ. ಕಡಲ ಹೂವನ್ನು ತೊಟ್ಟಿ ಒಂದು ವರ್ಷವಾದರೂ ಹಳೆಯದಾದ ಮೇಲೆ ತರುವುದು ಕ್ಷೇಮ.

ತಂದ ಮೀನನ್ನು ನೇರ ದೊಡ್ಡ ತೊಟ್ಟಿಗೆ ಬಿಡದೆ ನಾಲ್ಕು ವಾರ ಬೇರೆ ಚಿಕ್ಕ ತೊಟ್ಟಿಯಲ್ಲಿ ಇಟ್ಟುಕೊಳ್ಳಬೇಕು. ಸಿಹಿನೀರಿನ ಬಿಳಿಚುಕ್ಕೆ ರೋಗ ಬಲ್ಲವರಿಗೆ ಕಡಲಿನ ಬಿಳಿಚುಕ್ಕೆ ನೋಡಲು ಅದೇ ಎನಿಸುತ್ತದೆ. ತರುವ ಪರಾವಲಂಬಿ ಮಾತ್ರ ಬೇರೆ, ತಾಪ ಏರಿಸಿದರೆ ಅದು ಹೋಗುವುದಿಲ್ಲ. ಅದಕ್ಕೆ ಕೊಡುವ ತಾಮ್ರದ ಮದ್ದು ಸೀಗಡಿ, ಶಂಖ, ಏಡಿಗಳಿಗೆ ವಿಷ. ಕಲ್ಲು ಮತ್ತು ಮರಳು ಅದನ್ನು ಹೀರಿಕೊಂಡು ಎಷ್ಟೋ ಕಾಲ ಬಿಡುತ್ತಿರುತ್ತವೆ. ಚಿಕಿತ್ಸೆ ಏನಿದ್ದರೂ ಆ ಚಿಕ್ಕ ತೊಟ್ಟಿಯಲ್ಲೇ ಮುಗಿಯಬೇಕು.

ಎಲ್ಲ ಕ್ಲೌನ್ ಮರಿಗಳೂ ಮೊದಲು ಗಂಡಾಗಿ ಬೆಳೆಯಬಲ್ಲವು. ಜೊತೆಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ನೆಮ್ಮದಿಯ ನೀರು ಸಿಕ್ಕರೆ ಅವು ತಮ್ಮ ಮೂಲೆಯ ಕಲ್ಲನ್ನು ಬಾಯಿಂದ ಉಜ್ಜಿ ನಯಮಾಡಿ ಅಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಅಂಟಿಸುತ್ತವೆ. ಗಂಡು ರೆಕ್ಕೆ ಬೀಸುತ್ತ ಕಾವಲಿರುತ್ತದೆ. ಒಂದು ವಾರ, ಹತ್ತು ದಿನದಲ್ಲಿ, ಕತ್ತಲಾದ ಮೇಲೆ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿಯ ಬಾಯಿ ಎಷ್ಟು ಚಿಕ್ಕದೆಂದರೆ ಗಪ್ಪಿ ಮರಿಗೆ ಹಾಕುವ ಪುಡಿ ಅದಕ್ಕೆ ನಡೆಯುವುದಿಲ್ಲ, ರೊಟಿಫರ್ ಎಂಬ ಸೂಕ್ಷ್ಮಜೀವಿಯೇ ಬೇಕು. ಮರಿ ಉಳಿಸಿಕೊಳ್ಳುವ ಆಸೆಯಿದ್ದವರು ಮೊಟ್ಟೆ ಕಂಡ ದಿನವೇ ರೊಟಿಫರ್ ಹುಡುಕಲು ಹೊರಟರೆ ಹೊತ್ತು ಸಾಲದು. ಜೊತೆ ಕಲ್ಲು ಉಜ್ಜಲು ತೊಡಗಿದ ಕೂಡಲೇ ಬೇರೊಂದು ಬಕೆಟ್ಟಿನಲ್ಲಿ ಅದರ ಸಾಕಣೆ ಶುರುಮಾಡಿರಬೇಕು.